ಚೆನ್ನಾಗಿದ್ದರೆ ಕೂಗು

ಕಥೆ ಹೇಳದಿದ್ದರೆ ಅಜೋಕೆಯ ಅತ್ತೆಗೆ ಉಂಡದ್ದು ಅರಗುವುದಿಲ್ಲ. ಅದರಲ್ಲೂ ಮೊಮ್ಮಕ್ಕಳು ಹುಟ್ಟಿದ ಕಥೆ ಸಿಕ್ಕಿತೆಂದರೆ ಮುಗಿಯಿತು. ಈಸ್ಟರ್ ಸೋಮವಾರ ಮೃಗಾಲಯಕ್ಕೆ ಹೊರಟ ಬಾಡಿಗೆ ವ್ಯಾನಿನಲ್ಲಿ, ಗುರುತಿಲ್ಲದ ಜನರ ನಡುವೆ, ಅದನ್ನು ನೂರಾ ಒಂದನೆಯ ಸಲ ಶುರು ಹಚ್ಚಿಕೊಂಡರು.

"ಹೊಟ್ಟೆ ಒಳಗೆ ದೊಡ್ಡೋನು ಕೆಹಿಂಡೆ. ತಂಗೀಗೆ ಏನಂದ? 'ಟೈವೊ, ನೀನು ಮುಂದೆ ಹೋಗಿ ಲೋಕ ಹೇಗಿದೆ ನೋಡು. ಚೆನ್ನಾಗಿದ್ರೆ ಕೂಗು, ನಾನು ಬರ್ತೀನಿ.' ಇವಳು ಬಂದ್ಲು, ನೋಡಿದ್ಲು, ಕೂಗಿದ್ಲು. ಆಮೇಲೆ ಯಜಮಾನ್ರು ನಿಧಾನಕ್ಕೆ ದಯಮಾಡಿಸಿದ್ರು!"

ಅವಳಿಗಳಲ್ಲಿ ಮೊದಲು ಹುಟ್ಟಿದ್ದು ಕಿರಿದು, ಆಮೇಲೆ ಹುಟ್ಟಿದ್ದು ಹಿರಿದು. ಯೊರೂಬಾ ಜನರ ಮನೆಗಳಲ್ಲಿ ಇದಕ್ಕೆ ಎರಡು ಮಾತಿಲ್ಲ. ಐದು ವರ್ಷದ ಕೆಹಿಂಡೆ ಆ ಹಿರಿತನವನ್ನು ಚೆನ್ನಾಗಿಯೇ ದುಡಿಸಿಕೊಳ್ಳುತ್ತಿದ್ದ. ನೀರು ಅಂದರೆ ಟೈವೊ ನೀರು ತರಬೇಕು, ಚಪ್ಪಲಿ ಅಂದರೆ ಚಪ್ಪಲಿ.

"ಹೆತ್ತೋಳು ನಾನು. ಮೊದ್ಲು ಬಂದೋಳು ಕಿರಿಯೋಳು ಹೇಗಾಗ್ತಾಳೆ ಅತ್ತೆ?" ಎಂದಳು ಅಜೋಕೆ.

"ಹೆರೋದು ನಿನ್ನ ಕೆಲಸ, ಹೇಳೋದು ನನ್ನ ಕೆಲಸ, ಅವಳಿಯಮ್ಮಾ!"

ಇಡೀ ವ್ಯಾನು ನಕ್ಕಿತು. ಅಜೋಕೆಯೂ ನಕ್ಕಳು, ಮನಸ್ಸಿಲ್ಲದ ಮನಸ್ಸಿನಿಂದ.

ಮೃಗಾಲಯದ ಗೇಟು ದಾಟುವಾಗಲೇ ಸಿಂಹದ ಗರ್ಜನೆ ಕೇಳಿಸಿತು. ಕೆಹಿಂಡೆ ಯಜಮಾನರು ಅಜ್ಜಿಯ ಬಟ್ಟೆಯೊಳಗೆ ಮುಖ ಹುದುಗಿಸಿದರು. ಆಮೆ, ಹೆಬ್ಬಾವು, ಒಂಟೆ ಎಲ್ಲ ಮುಗಿದರೂ "ಸಿಂಹ ಆಮೇಲೆ" ಎಂಬ ಒಂದೇ ಹಟ. ಮಧ್ಯಾಹ್ನ ಮಾವಿನ ಮರದ ಕೆಳಗೆ ಚಾಪೆ ಹಾಸಿದರು. ಅಜೋಕೆ ಡಬ್ಬಿ ತೆರೆದು, ಐದು ತಟ್ಟೆಗೆ ಜೊಲೊಫ್ ಅನ್ನ, ಹುರಿದ ಬಾಳೆಕಾಯಿ ಬಡಿಸಿ ತಲೆಯೆತ್ತಿದರೆ ಇರುವುದು ನಾಲ್ಕೇ ಜನ.

"ಟೈವೊ ಎಲ್ಲಿ?"

"ಇಲ್ಲೇ ಇದ್ಲಲ್ಲ," ಎಂದ ಗಂಡ ಅಡೆಗೊಕೆ. ಇಲ್ಲೇ ಇರಲಿಲ್ಲ. ಶೌಚಾಲಯದ ಸಾಲಿನಲ್ಲೂ ಇರಲಿಲ್ಲ. ಅವನು ಗೇಟಿನ ಕಡೆ ಓಡಿದ. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದಲ್ಲಿ ಮಗುವಿನ ಹೆಸರು, ನೀಲಿ ಬಟ್ಟೆ, ಅದರ ಮೇಲೆ ಹಳದಿ ಹಕ್ಕಿ ಎಂದು ಕೂಗತೊಡಗಿದರು. ಹಬ್ಬಕ್ಕೆಂದು ಮನೆಯವರೆಲ್ಲ ಅದೇ ಬಟ್ಟೆಯಲ್ಲಿ ಹೊಲಿಸಿಕೊಂಡಿದ್ದರು.

ಮೊಸಳೆಗೆ ಮೀನು ಹಾಕುವ ಹೊತ್ತು. ಜನವೆಲ್ಲ ಕೊಳದ ಸುತ್ತ ಸೇರಿತ್ತು. ಅಜೋಕೆ ನೂಕಿಕೊಂಡು ಮುಂದೆ ಹೋಗಿ ನೀರು ನೋಡಿದಳು. ಮೊಸಳೆಯೊಂದು ಬಾಯಿ ಮುಚ್ಚಿತು. "ನನ್ನ ಮಗಳನ್ನ ನೋಡಿದ್ರಾ?" ಎಂದು ಕಂಡಕಂಡವರನ್ನು ಕೇಳುತ್ತ, ಎಲ್ಲೂ ಸಿಗದೆ, ದಿಕ್ಕು ತೋಚದೆ ಮರದ ಕೆಳಗೆ ವಾಪಸು ಬಂದಳು.

ಕೆಹಿಂಡೆ ತಟ್ಟೆ ಮುಟ್ಟಿರಲಿಲ್ಲ. ಅಳುತ್ತಲೂ ಇರಲಿಲ್ಲ. ಕತ್ತು ವಾಲಿಸಿ ಕಿವಿಗೊಟ್ಟು ಕೂತಿದ್ದ.

"ಏನೋ ಕೇಳಿಸ್ಕೋತಿದ್ದೀಯ?"

"ಟೈವೊ ಕೂಗೋದು."

"ಎಲ್ಲಿಂದ ಕೂಗ್ತಾಳೋ?"

"ಸಿಂಹದ ಹತ್ರದಿಂದ. ಮುಂದೆ ಹೋಗಿ ನೋಡು, ಚೆನ್ನಾಗಿದ್ರೆ ಕೂಗು ಅಂದಿದ್ದೆ." ಮತ್ತೆ ಕಿವಿಗೊಟ್ಟ. "ಇನ್ನೂ ಕೂಗಿಲ್ಲ ಅಮ್ಮ."

ಅತ್ತೆ ಮೊಮ್ಮಗನ ಕೈ ಹಿಡಿದು ಎದ್ದರು. ಅಜೋಕೆ ಅಷ್ಟರಲ್ಲಿ ಓಡುತ್ತಿದ್ದಳು. ಓಡುತ್ತಲೇ ಅತ್ತೆಯನ್ನು ಬೈದಳು, ಕಥೆಯನ್ನು ಬೈದಳು, ವ್ಯಾನಿನಲ್ಲಿ ನಕ್ಕ ತನ್ನನ್ನೂ ಬೈದುಕೊಂಡಳು.

ಸಿಂಹದ ಪಂಜರದ ಮುಂದೆ ನರಪಿಳ್ಳೆಯೂ ಇಲ್ಲ. ಜನ ಹತ್ತಿರ ಹೋಗದಂತೆ ಹಾಕಿದ ತಡೆಬೇಲಿಗೂ ಪಂಜರದ ಸರಳಿಗೂ ನಡುವೆ ಒಂದು ಕಿರಿದಾದ ಸಂದು. ಬೇಲಿಯ ಅಡಿಯಿಂದ ಮಗು ನುಸುಳಬಹುದು, ದೊಡ್ಡವರಿಗೆ ಆಗದು. ಆ ಸಂದಿನಲ್ಲಿ ಟೈವೊ ಬೇಲಿಗೆ ಬೆನ್ನೊತ್ತಿ ಕುಕ್ಕರಗಾಲಲ್ಲಿ ಕೂತಿದ್ದಳು. ಎರಡೂ ಕೈ ಬಾಯಿಯ ಮೇಲೆ. ಸಿಂಹದ ಒಂದು ಮುಂಗಾಲು ಸರಳಿನಿಂದ ಹೊರಗೆ ಬಂದಿತ್ತು. ಆ ಕಾಲಿನ ಕೆಳಗೆ ಅವಳ ಎಡಗಾಲಿನ ಚಪ್ಪಲಿ ಇತ್ತು.

ಚೀರು ಗಂಟಲಿಗೆ ಬಂದಿತ್ತು. ಚೀರಿದರೆ ಸಿಂಹ ಏಳುತ್ತದೆ, ಮಗಳು ಬೆಚ್ಚಿ ಅತ್ತ ವಾಲುತ್ತಾಳೆ. ಅಜೋಕೆ ನುಂಗಿಕೊಂಡಳು. ನೆಲಕ್ಕೆ ಹೊಟ್ಟೆಯೂರಿ ಮಲಗಿ, ಬೇಲಿಯ ಕೆಳಗಿಂದ ಒಂದು ಕೈ ತೂರಿಸಿ, ಹಳದಿ ಹಕ್ಕಿಗಳಿದ್ದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಳು. ಸಿಂಹದ ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಅವಳು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಸರಳು ಢಣ್ ಎಂದಿತು, ಧೂಳು ಮುಖಕ್ಕೆ ಹಾರಿತು. ಚಪ್ಪಲಿ ಅಲ್ಲೇ ಉಳಿಯಿತು, ಮಗಳು ಮಡಿಲಿಗೆ ಬಂದಳು.

ಕಾಲು, ಕೈ, ಬೆನ್ನು ಎಲ್ಲ ತಡವಿದಳು. ಒಂದು ಗೀರೂ ಇರಲಿಲ್ಲ. ಸಿಟ್ಟು ಆಗ ಬಂತು.

"ಯಾಕೆ ಕೂಗ್ಲಿಲ್ಲ ನೀನು? ಅಲ್ಲಿ ಕೂತು ಕೂಗೋಕೆ ಏನಾಗಿತ್ತು ನಿಂಗೆ?"

ಟೈವೊ ಕೈಯನ್ನು ಬಾಯಿಂದ ಸ್ವಲ್ಪವೇ ಸರಿಸಿದಳು.

"ಕೂಗಿದ್ರೆ ಅಣ್ಣ ಬಂದ್ಬಿಡ್ತಿದ್ದ."

ಅಜೋಕೆ ಮಗಳನ್ನು ಅಪ್ಪಿಕೊಂಡಳು.

"ಅಮ್ಮ, ಈಗ ಕೂಗಲಾ?"

"ಕೂಗು ಮಗಳೇ. ಎಷ್ಟು ಬೇಕೋ ಅಷ್ಟು ಕೂಗು."

ಟೈವೊ ಹುಟ್ಟಿದ ದಿನದ ಹಾಗೆ ಗಂಟಲು ಹರಿದು ಅತ್ತಳು. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಅಜ್ಜಿಯ ಕೈ ಕೊಸರಿಕೊಂಡು ಕೆಹಿಂಡೆ ಓಡಿ ಬಂದ. ಪಂಜರದ ಕಡೆ ತಿರುಗಿಯೂ ನೋಡಲಿಲ್ಲ. ತಂಗಿಯ ಬರಿಗಾಲು ಕಂಡು ಅಲ್ಲೇ ಕೂತು, ತನ್ನ ಚಪ್ಪಲಿ ಬಿಚ್ಚಿ ಅವಳಿಗೆ ತೊಡಿಸಿದ.