ಕರೆಯುವವರೆಗೆ ಹೊರಗೆ

ಇದು ನೀಲಿಯೇ ಅಲ್ಲ, ಮಸಿ, ದಡದಿಂದ ನೋಡಿದ್ರೆ ಕಪ್ಪು ಅಂತಲೇ ಕಾಣುತ್ತೆ ಎನ್ನುತ್ತ ಉಪಾಧ್ಯಕ್ಷರು ಮೇಜಿನ ಮೇಲಿದ್ದ ದೋಣಿಯ ಹುಟ್ಟನ್ನು ಕಿಟಕಿಯ ಕಡೆ ತಿರುಗಿಸಿದರು, ಅದರ ಅಗಲವಾದ ಅಲಗು ಟೀ ಲೋಟಕ್ಕೆ ತಗುಲಿತು, ಟೀ ನಡಾವಳಿ ಪುಸ್ತಕದ ಮೇಲೆ ಹರಿಯಿತು, ಕಾರ್ಯದರ್ಶಿ ಕರವಸ್ತ್ರ ತೆಗೆದು ಒರೆಸಿದಳು, ಯಾರೂ ಅವಳ ಕಡೆ ನೋಡಲಿಲ್ಲ, ನೋಡುವುದೂ ಇಲ್ಲ, ಗೋಡೆಯ ಗಡಿಯಾರದಲ್ಲಿ ಮೂರು ಮುಕ್ಕಾಲು, ಒಂದು ಗಂಟೆಯಿಂದ ಇದೇ ಆಗಿದೆ, ಅಲಗಿನ ಮೇಲೆ ಎರಡು ಬೆರಳು ಅಗಲದ ಒಂದು ಪಟ್ಟಿ, ಅದು ಕಡು ನೀಲಿಯಾಗಬೇಕೋ ತಿಳಿ ನೀಲಿಯಾಗಬೇಕೋ, ದೇಶದ ರೋಯಿಂಗ್ ಮಹಾಮಂಡಳಿಯ ಏಳು ಜನ ಸದಸ್ಯರು, ಏಳರಲ್ಲಿ ಒಬ್ಬರೂ ದೋಣಿಯಲ್ಲಿ ಕೂತವರಲ್ಲ, ಉಪಾಧ್ಯಕ್ಷರು ಹಲ್ಲಿನ ಡಾಕ್ಟರು, ಆದ್ದರಿಂದ ಬಣ್ಣದ ಛಾಯೆಯ ವಿಷಯದಲ್ಲಿ ತನ್ನ ಮಾತೇ ಕೊನೆಯ ಮಾತು ಎಂದು ಅವರ ನಂಬಿಕೆ, ಅಧ್ಯಕ್ಷರು ಕಟ್ಟಡ ಕಟ್ಟಿಸುವ ಗುತ್ತಿಗೆದಾರರು, ನಮ್ಮ ಕಡೆ ಈ ನೀಲಿಗೆ ಬೇರೆ ಹೆಸರಿದೆ ಎನ್ನುತ್ತಾರೆ, ಆ ಹೆಸರು ಮಾತ್ರ ನೆನಪಾಗುತ್ತಿಲ್ಲ, ನೆನಪಾಗುವವರೆಗೆ ಸಭೆ ಕಾಯಬೇಕು—ಇವರ ಬಾಯಿಗೆ ಒಂದು ಬೀಗ ಹಾಕುವವರಿಲ್ಲವಲ್ಲ. ಇಪ್ಪತ್ತೆರಡು ವರ್ಷದಿಂದ ಇಂಥ ಸಭೆಗಳ ನಡಾವಳಿ ಬರೆದು ಬರೆದು ಅವಳ ಅಕ್ಷರವೇ ಕೆಟ್ಟಿದೆ. ಸಾರ್, ಎರಡನೇ ವಿಷಯ ಎಂದಳು, ಮೂರನೆಯ ಸಲ, ಅರ್ಹತಾ ಪಂದ್ಯಕ್ಕೆ ಹೆಸರು ಕಳಿಸೋಕೆ ಇವತ್ತು ಸಂಜೆ ಐದು ಗಂಟೆ ಕೊನೆ, ಒಂದು ದೇಶಕ್ಕೆ ಒಂದೇ ದೋಣಿ, ಗಂಡಸರ ಜೋಡೀನೋ ಹೆಂಗಸರ ಜೋಡೀನೋ ನೀವು ಹೇಳಬೇಕು, ಒಮ್ಮೆ ಕಳಿಸಿದ ಮೇಲೆ ಬದಲಾಯಿಸೋಕೆ ಆಗಲ್ಲ. ಹೌದಲ್ವಾ ಎಂದರು ಅಧ್ಯಕ್ಷರು, ಮೊದಲ ಸಲ ಕೇಳಿದವರಂತೆ, ಸರಿ, ಬಣ್ಣ ಆಮೇಲೆ ನೋಡೋಣ, ಅದನ್ನ ತಗೊಳ್ಳಿ. ಅಬ್ಬ. ಅವಳು ಪೆನ್ನಿನ ಮುಚ್ಚಳ ಹಾಕಿ ಎದ್ದಳು. ಎಲ್ಲಿಗೆ ಹೊರಟ್ರಿ ಎಂದು ಯಾರೂ ಕೇಳಲಿಲ್ಲ.

ಕೇಳಬೇಕಾಗಿಯೂ ಇಲ್ಲ, ನಿಯಮ ಅದು, ಹದಿನಾಲ್ಕನೆಯ ನಿಯಮ, ತನ್ನ ಬಂಧುಗಳ ಆಯ್ಕೆ ಚರ್ಚೆಗೆ ಬಂದಾಗ ಯಾವುದೇ ಸದಸ್ಯರಾಗಲಿ ಸಿಬ್ಬಂದಿಯಾಗಲಿ ಸಭೆಯಿಂದ ಹೊರಗಿರತಕ್ಕದ್ದು, ಕರೆಯುವವರೆಗೆ ಒಳಗೆ ಬರತಕ್ಕದ್ದಲ್ಲ, ಚರ್ಚೆಯ ವಿಷಯವನ್ನು ಯಾರಲ್ಲೂ ವಿಚಾರಿಸತಕ್ಕದ್ದಲ್ಲ—ಕಂಠಪಾಠವಾಗಿದೆ, ಆಗದೆ ಏನು, ಬರೆದವಳೇ ಅವಳು, ಒಂದೊಂದು ತಕ್ಕದ್ದನ್ನೂ ಕೂತು ತಿದ್ದಿದವಳು, ಹಿಂದಿನ ಕಾರ್ಯದರ್ಶಿ ತನ್ನ ಅಳಿಯನನ್ನು ಮೂರು ವರ್ಷ ದೇಶದ ತಂಡದಲ್ಲಿ ಕೂರಿಸಿದ್ದ, ಆ ಅಳಿಯ ಹುಟ್ಟು ಎತ್ತಿದರೆ ನೀರು ಹಿಂದಿನವನ ಮುಖಕ್ಕೆ, ಅದರ ವಿರುದ್ಧ ಬಡಿದಾಡಿ, ಅರ್ಜಿ ಹಾಕಿ, ಬೈಸಿಕೊಂಡು, ಕೊನೆಗೆ ತಂದ ನಿಯಮ, ಅಂದಿನಿಂದ ಅವಳಿಗೆ ರೂಲ್ಸಕ್ಕ ಎಂದು ಹೆಸರು, ದೋಣಿಮನೆಯಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ, ಬೆನ್ನ ಹಿಂದೆ ಮೊದಲು, ಈಗ ಮುಖದೆದುರೇ. ಅಂದರೆ ಅನ್ನಲಿ. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ ಇತ್ತು, ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಬಾಗಿಲು ನೆಲಕ್ಕೆ ಉಜ್ಜುತ್ತ ಮುಚ್ಚಿಕೊಂಡಿತು, ಓಣಿಯಂಥ ಮೊಗಸಾಲೆ, ಗೋಡೆಗೆ ಒರಗಿಸಿದ ಕೆಟ್ಟ ರೋಯಿಂಗ್ ಯಂತ್ರ, ರಿಪೇರಿಗೆ ಕಳಿಸಬೇಕೆಂದು ಎರಡು ಸಭೆಯಲ್ಲಿ ನಿರ್ಣಯವಾದದ್ದು, ಗೆದ್ದ ಕಪ್ಪುಗಳ ಧೂಳು ಹಿಡಿದ ಕಪಾಟು, ಒಂದು ಕುರ್ಚಿ, ಕೂತರೆ ಎಡಕ್ಕೆ ವಾಲುತ್ತದೆ. ನಾಲ್ಕು ಗಂಟೆ ಐದು ನಿಮಿಷ. ಹತ್ತು ನಿಮಿಷದ ಕೆಲಸ ಇದು, ಹೆಚ್ಚೆಂದರೆ ಹದಿನೈದು.

ಮೊಬೈಲು ನಡುಗಿತು, ತಂಗಿಯ ಮಗಳು, ಆಯ್ತಾ ದೊಡ್ಡಮ್ಮ. ಅಷ್ಟೇ. ಉತ್ತರ ಬರೆಯುವಂತಿಲ್ಲ, ಬರೆಯಲು ಏನಿದೆ, ಮಗು ಈಗ ದೋಣಿಮನೆಯ ಮೆಟ್ಟಿಲ ಮೇಲೆ ಕೂತಿರುತ್ತದೆ, ಮಗು ಎಂತ, ಇಪ್ಪತ್ತೊಂಬತ್ತು ವರ್ಷ, ಆರಡಿಗೆ ಎರಡು ಬೆರಳು ಕಡಿಮೆ, ಬೆನ್ನು ಎರಡು ಸಲ ಕೈಕೊಟ್ಟಿದೆ, ಇದೇ ಕೊನೆ ಸಲ ದೊಡ್ಡಮ್ಮ, ಮುಂದಿನ ಸಲಕ್ಕೆ ಈ ಬೆನ್ನು ನನ್ನ ಮಾತು ಕೇಳಲ್ಲ ಎಂದಿದ್ದಳು ನಗುತ್ತ, ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು, ತಂಗಿ ಮಾತ್ರ ನಗಲಿಲ್ಲ, ನಿನ್ನಿಂದಾನೇ ಇವಳು ಹೀಗಾದದ್ದು, ನೀನು ದೋಣಿ ತೋರಿಸದಿದ್ರೆ ಈ ಹೊತ್ತಿಗೆ ಎಲ್ಲರ ಹಾಗೆ ಇರ್ತಿದ್ಲು ಎಂದಳು. ತೋರಿಸಿದ್ದು ನಿಜ. ಜೊತೆಯ ಹುಡುಗಿ ಅಂಚೆಯವರ ಮಗಳು, ಗಟ್ಟಿ ಹೆಣ್ಣು, ಇಬ್ಬರೂ ಕಳೆದ ತಿಂಗಳ ಆಯ್ಕೆಯಲ್ಲಿ ಏನು ಮಾಡಿದರೂ ಸೋಲಲಿಲ್ಲ, ತರಬೇತುದಾರ ನಡುನೀರಿನಲ್ಲೇ ದೋಣಿ ನಿಲ್ಲಿಸಿ ಒಬ್ಬಳನ್ನು ಇಳಿಸಿ ಇನ್ನೊಬ್ಬಳನ್ನು ಹತ್ತಿಸಿ ಮತ್ತೆ ಓಡಿಸುತ್ತಾನೆ, ಯಾರು ಎಲ್ಲಿ ಕೂತರೆ ದೋಣಿ ಎಷ್ಟು ಸೆಕೆಂಡು ಬೇಗ ಬರುತ್ತದೆ ಎಂದು ಹಾಗೆ ಅಳೆಯುವುದು, ನಾಲ್ಕು ಬಾರಿ ಅದಲುಬದಲು ಮಾಡಿದ, ತಂಗಿಯ ಮಗಳು ಕೂತ ದೋಣಿಯೇ ನಾಲ್ಕು ಸಲವೂ ಮುಂದೆ, ಅದರ ಮೇಲೆ ಇನ್ನೇನು ಚರ್ಚೆ, ಗಂಡಸರ ಜೋಡಿ ತಮ್ಮ ವರ್ಗದ ಅರ್ಹತಾ ಸಮಯಕ್ಕೆ ಇಷ್ಟು ಹತ್ತಿರ ಬಂದೇ ಇಲ್ಲ, ಕಾಗದ ಎಲ್ಲರ ಮುಂದಿದೆ, ದಪ್ಪ ಅಕ್ಷರದಲ್ಲಿ ಟೈಪು ಮಾಡಿಟ್ಟಿದ್ದಾಳೆ, ಓದಿದರೆ ತಾನೆ. ಓದದೆ ಮೂಗು ತೂರಿಸುವುದರಲ್ಲಿ ನಿಸ್ಸೀಮರು. ಒಳಗಿಂದ ಧ್ವನಿ ಏರಿತು, ಉಪಾಧ್ಯಕ್ಷರದು, ಮಾತು ಸ್ಪಷ್ಟವಿಲ್ಲ, ಜಗಳವೇ, ಯಾಕೆ ಜಗಳ, ಅಂಥಾದ್ದೇನಿದೆ, ಅವಳ ಬೆನ್ನಿನ ವಿಷಯ ಎತ್ತಿದರೇನೋ, ವಯಸ್ಸಿನ ವಿಷಯ, ಅಥವಾ ರೂಲ್ಸಕ್ಕನ ಕಡೆಯವಳು ಎಂಬ ವಿಷಯ. ನಾಲ್ಕೂ ಇಪ್ಪತ್ತು.

ಕುರ್ಚಿ ಎಡಕ್ಕೆ ವಾಲಿತು, ಎದ್ದಳು, ಕಪಾಟಿನ ಗಾಜಿನ ಹಿಂದೆ ಹಳೆಯ ಫೋಟೊ, ನಾಲ್ವರು ಎತ್ತರದ ಹೆಂಗಸರು, ಅವರ ಮುಂದೆ ಮೊಣಕಾಲೂರಿ ಕೂತ ಒಂದು ಕಡ್ಡಿ, ಆ ಕಡ್ಡಿಯೇ ಅವಳು, ಕಾಕ್ಸ್, ಹುಟ್ಟು ಹಾಕದೆ ದೋಣಿ ತಿರುಗಿಸುವವಳು, ಕೂಗುವವಳು, ತೂಕ ಕಡಿಮೆಯಾಗಿ ಕಾಲ ಬಳಿ ಮರಳಿನ ಚೀಲ ಇಟ್ಟುಕೊಂಡು ಕೂರಬೇಕಾಗಿತ್ತು, ಹುಟ್ಟು ಹಾಕುವವರೆಲ್ಲ ಗುರಿಗೆ ಬೆನ್ನು ಹಾಕಿಕೊಂಡೇ ಗೆಲ್ಲಬೇಕು, ದಾರಿ ಕಾಣುವುದು ಇವಳೊಬ್ಬಳಿಗೆ, ಅವರಿಗೆ ಕಾಣುವುದು ಇವಳ ಮುಖ ಮಾತ್ರ, ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ ಕಣೇ ಎಷ್ಟು ದೂರ ಉಳಿದಿದೆ ಅಂತ ಎನ್ನುತ್ತಿದ್ದಳು ಎದುರು ಕೂತವಳು. ಆ ವರ್ಷವೂ ಹೀಗೆಯೇ, ಹೆಸರು ಕಳಿಸುವವನು ಕಳಿಸಲಿಲ್ಲ, ಮರೆತೆ ಅಂದ, ಅಷ್ಟೇ, ಮರೆತೆ, ಚಪ್ಪಲಿ ಮರೆತಷ್ಟು ಸಲೀಸಾಗಿ, ನಾಲ್ವರೂ ಮನೆಗೆ ಹೋದರು, ಇವಳೊಬ್ಬಳು ದೋಣಿಕಟ್ಟೆಯಲ್ಲಿ ಉಳಿದಳು, ದೋಣಿ ಕಟ್ಟಿಹಾಕಿತ್ತು, ದೂರದಲ್ಲಿ ಯಾವುದೋ ಮೋಟಾರು ದೋಣಿ ಹಾದುಹೋಯಿತು, ಅದರ ಅಲೆ ಬಂದು ತಾಗಿತು, ಆಗ ದೋಣಿಯೊಳಗಿನ ಗಾಲಿಯ ಸೀಟುಗಳು, ನಾಲ್ಕು ಖಾಲಿ ಸೀಟುಗಳು, ಒಟ್ಟಿಗೆ ಮುಂದಕ್ಕೆ ಜಾರಿದವು, ಒಟ್ಟಿಗೆ ಹಿಂದಕ್ಕೆ ಬಂದವು, ಮತ್ತೆ ಮುಂದಕ್ಕೆ—ಇಡೀ ವರ್ಷ ಅಭ್ಯಾಸದಲ್ಲಿ ಒಂದು ದಿನವೂ ಅಷ್ಟು ಸರಿಯಾಗಿ ಒಟ್ಟಿಗೆ ಬಂದಿರಲಿಲ್ಲ ಅವು. ಅದನ್ನು ಯಾರಿಗೂ ಹೇಳಿಲ್ಲ, ಹೇಳಿದರೆ ಸೀಟು ಜಾರೋದೇನು ಮಹಾ ಎನ್ನುತ್ತಾರೆ.

ಟೀ ಕೊಡುವ ಹೆಂಗಸು ತಟ್ಟೆ ಹಿಡಿದು ಒಳಗೆ ಹೋದಳು, ಬಾಗಿಲು ತೆರೆದ ಕ್ಷಣ ನಗು ಹೊರಗೆ ಬಂತು, ಬಾಗಿಲು ಮುಚ್ಚಿತು, ನಗು ನಿಂತಿತು, ನಗುತ್ತಿದ್ದಾರೆ, ಒಂದು ಹೆಣ್ಣಿನ ಹನ್ನೊಂದು ವರ್ಷದ ದುಡಿಮೆಯನ್ನು ಮುಂದಿಟ್ಟುಕೊಂಡು ನಗುತ್ತಿದ್ದಾರೆ. ನಾಲ್ಕೂ ಮೂವತ್ತೈದು. ಹೆಂಗಸು ಖಾಲಿ ತಟ್ಟೆಯೊಡನೆ ಹೊರಬಂದಳು, ನೀವ್ಯಾಕಮ್ಮ ಇಲ್ಲೇ ನಿಂತ್ಕೊಂಡಿದ್ದೀರಾ, ಒಳಗೆ ಅವರು ಆಗಲೇ—ಹೇಳಬೇಡ ಎಂದಳು ಇವಳು. ಅಲ್ಲಮ್ಮ, ಆ ಉದ್ದದ್ದನ್ನ ಹಿಡ್ಕೊಂಡು—ಹೇಳಬೇಡ ಅಂದ್ನಲ್ಲ, ನಾನು ಕೇಳೋ ಹಾಗಿಲ್ಲ, ನೀನು ಹೇಳೋ ಹಾಗೂ ಇಲ್ಲ. ಹೆಂಗಸಿಗೆ ಬೇಜಾರಾಯಿತು, ನಿಮ್ಮ ಇಷ್ಟ ಎಂದು ಹೋದಳು, ಹೋಗಲಿ, ನಾಳೆ ಸಮಾಧಾನ ಮಾಡಿದರಾಯಿತು. ಹತ್ತು ನಿಮಿಷ ಕಳೆಯಿತು. ಇನ್ನು ತಡೆಯಲಾಗದೆ ಬಾಗಿಲು ತಟ್ಟಿದಳು, ಒಳಗೆ ಬರುವುದು ತಪ್ಪು, ತಟ್ಟುವುದು ತಪ್ಪೆಂದು ಎಲ್ಲೂ ಬರೆದಿಲ್ಲ, ಉಪಾಧ್ಯಕ್ಷರು ಗೇಣಗಲ ತೆರೆದು ತಲೆ ಮಾತ್ರ ಹೊರಹಾಕಿದರು, ಬಾಯಲ್ಲಿ ಬಿಸ್ಕತ್ತು, ಇನ್ನೂ ಒಂದು ತೀರ್ಮಾನಕ್ಕೆ ಬರ್ತಾ ಇಲ್ಲ ಮೇಡಂ, ಬಹಳ ಭಿನ್ನಾಭಿಪ್ರಾಯ ಇದೆ, ಆದ ಮೇಲೆ ಹೇಳ್ತೀವಿ ಎಂದು ತಲೆ ಒಳಗೆಳೆದುಕೊಂಡರು. ಬಹಳ ಭಿನ್ನಾಭಿಪ್ರಾಯವಂತೆ. ಯಾರು ಬೇಡ ಅನ್ನುತ್ತಿರುವುದು, ಅಧ್ಯಕ್ಷರೇ, ಹೋದ ತಿಂಗಳು ರಿಪೇರಿ ನಿರ್ಣಯದ ಬಗ್ಗೆ ಎಲ್ಲರೆದುರು ಎದುರು ಮಾತಾಡಿದ್ದಕ್ಕೆ ಈಗ ತೀರಿಸಿಕೊಳ್ಳುತ್ತಿದ್ದಾರೆಯೇ, ತೀರಿಸಿಕೊಳ್ಳುವುದಾದರೆ ನನ್ನ ಮೇಲೆ ತೀರಿಸಿಕೊಳ್ಳಲಿ, ಆ ಹುಡುಗಿಯರು ಏನು ಮಾಡಿದರು, ಬೆಳಗಿನ ಜಾವ ಎದ್ದು ಅಂಗೈ ಸುಲಿಸಿಕೊಂಡು—ಥೂ, ಇವರ ಜನ್ಮಕ್ಕಿಷ್ಟು.

ಮೊಬೈಲಿನಲ್ಲಿ ನೋಂದಣಿಯ ಪುಟ ತೆರೆದಳು, ಗುಪ್ತಪದ ಗೊತ್ತಿರುವುದು ಮಂಡಳಿಯಲ್ಲಿ ಅವಳಿಗೊಬ್ಬಳಿಗೇ, ಕಲಿಯಿರಿ ಎಂದು ಎಷ್ಟು ಸಲ ಹೇಳಿದರೂ ನಿಮ್ಮಷ್ಟು ನಮಗೆಲ್ಲಿ ಬರುತ್ತೆ ಮೇಡಂ ಎಂದು ಹಲ್ಲು ಬಿಡುತ್ತಾರೆ, ಹೆಂಗಸರ ಜೋಡಿ, ಎರಡು ಹೆಸರು, ಹುಟ್ಟಿದ ದಿನಾಂಕ, ತೂಕ, ಎಲ್ಲ ತುಂಬಿದಳು, ಕೆಳಗೆ ಹಸಿರು ಗುಂಡಿ, ಕಳಿಸಿ. ನಾಲ್ಕೂ ಐವತ್ತೆರಡು. ಒತ್ತಿಬಿಡು. ಒತ್ತಿದರೆ ಆಯಿತು, ಕಾಗದ ಇದೆ, ಸೆಕೆಂಡಿನ ಲೆಕ್ಕ ಇದೆ, ಯಾವ ತಲೆಯಿದ್ದವನೂ ಬೇರೆ ಹೇಳಲಾರ. ಆದರೆ ಒಳಗಿರುವವರ ವಿಷಯ ಬೇರೆ, ಗಂಡಸರ ಜೋಡಿ ಎಂದು ತೀರ್ಮಾನಿಸಿಬಿಟ್ಟಿದ್ದರೆ, ನಾಳೆ ಊರೆಲ್ಲ ಏನನ್ನುತ್ತದೆ, ರೂಲ್ಸಕ್ಕ ತಂಗಿ ಮಗಳಿಗೋಸ್ಕರ ಸಭೆಗೇ ಕೈಕೊಟ್ಟಳು, ಅಳಿಯನನ್ನು ಕೂರಿಸಿದವನಿಗೂ ಇವಳಿಗೂ ಏನು ವ್ಯತ್ಯಾಸ, ಆ ಹಳೆಯ ಕಾರ್ಯದರ್ಶಿ ಇನ್ನೂ ಬದುಕಿದ್ದಾನೆ, ಹಲ್ಲಿಲ್ಲದ ಬಾಯಲ್ಲಿ ನಗುತ್ತಾನೆ, ತಂಗಿಯ ಮಗಳ ಹಿಂದೆಯೂ ಅದೇ ಮಾತು ಹೋಗುತ್ತದೆ, ಅವಳು ನಾಲ್ಕಕ್ಕೆ ನಾಲ್ಕು ಸಲ ಗೆದ್ದದ್ದು ಯಾರಿಗೂ ನೆನಪಿರುವುದಿಲ್ಲ. ಅವಳಿಗಾಗಿಯೇ ಒತ್ತಬಾರದು. ಹೌದೆ, ಅವಳಿಗಾಗಿಯೇ, ಅಥವಾ ಆ ಹೆಸರಿಗಾಗಿ—ಇರಲಿ, ಈಗ ಅದನ್ನೆಲ್ಲ ಕೆದಕುವ ಹೊತ್ತಲ್ಲ. ನಾಲ್ಕೂ ಐವತ್ತಾರು. ಕರೆಯಿರಿ. ಯಾರಾದರೊಬ್ಬರು ಕರೆಯಿರಿ, ಮೇಡಂ ಅನ್ನಿ, ಒಂದು ಕೆಮ್ಮಿ, ಬೆರಳು ಹಸಿರಿನ ಮೇಲೆ ಒಂದು ಕೂದಲೆಳೆ ದೂರದಲ್ಲಿದೆ, ಮತ್ತೆ ಸಂದೇಶ, ದೊಡ್ಡಮ್ಮ ಇನ್ನೂ ಆಗ್ಲಿಲ್ವಾ, ಅದನ್ನು ಸರಿಸಿದಳು, ಖಾಲಿ ಸೀಟುಗಳು ಕಣ್ಣ ಮುಂದೆ ಮುಂದಕ್ಕೆ ಜಾರಿದವು, ಬೇಡ, ಈಗ ಬೇಡ, ಐವತ್ತೆಂಟು, ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟಳು, ತಣ್ಣಗಿತ್ತು, ಕರೆಯುವವರೆಗೆ ಒಳಗೆ ಬರತಕ್ಕದ್ದಲ್ಲ, ಕೈ ತೆಗೆದಳು. ಐವತ್ತೊಂಬತ್ತು. ಐದು, ಹಸಿರು ಗುಂಡಿ ಬೂದಿಯ ಬಣ್ಣಕ್ಕೆ ತಿರುಗಿತು, ನೋಂದಣಿ ಮುಗಿದಿದೆ ಎಂಬ ಒಂದು ಸಾಲು ಬಂತು, ಯಾವ ಸದ್ದೂ ಆಗಲಿಲ್ಲ.

ಬಾಗಿಲು ತೆರೆಯಿತು, ಐದೂ ನಾಲ್ಕು, ಅಧ್ಯಕ್ಷರು ಕೈತೊಳೆಯಲೆಂದು ಹೊರಬಂದವರು, ಬೆರಳಿಗೆಲ್ಲ ನೀಲಿ ಬಣ್ಣ ಮೆತ್ತಿದೆ, ಇವಳನ್ನು ನೋಡಿ ನಿಂತರು, ಅರೆ, ನೀವು ಇಲ್ಲೇ ಇದ್ದೀರಾ ಮೇಡಂ, ನಡಾವಳಿ ಬರೆಯೋರಿಲ್ಲದೆ ನಾವೇ ಚೀಟಿ ಮೇಲೆ ಬರ್ಕೊಂಡ್ವಿ ನೋಡಿ, ಕೊನೆಗೂ ತಿಳಿ ನೀಲಿ ಅಂತ ಆಯ್ತು, ಎಷ್ಟು ಕಿತ್ತಾಟ ಅಂತೀರಿ, ಒಂದು ಗಂಟೆ. ಎರಡನೇ ವಿಷಯ ಎಂದಳು. ಅದಾ, ಅದು ನೀವು ಆಚೆ ಬಂದ ಎರಡೇ ನಿಮಿಷಕ್ಕೆ ಆಗೋಯ್ತಲ್ಲ ಎಂದರು ಅವರು, ಹೆಂಗಸರ ಜೋಡಿ ಅಂತ ಎಲ್ಲರೂ ಒಪ್ಪಿದ್ರು, ಒಬ್ಬರೂ ಬೇಡ ಅನ್ನಲಿಲ್ಲ, ಕಾಗದ ನೋಡಿದ್ರೆ ಗೊತ್ತಾಗುತ್ತಲ್ಲ, ನಿಮ್ಮ ತಂಗಿ ಮಗಳು ಅಂತ ಅಲ್ಲ, ಗೆದ್ದಿದ್ದಾಳೆ ಹುಡುಗಿ, ನೀವು ಎದ್ದು ಹೋದದ್ದು ನೋಡಿ ಕಳಿಸೋಕೇ ಹೋದ್ರು ಅಂದ್ಕೊಂಡ್ವಿ, ಕಳಿಸಿದ್ರಿ ತಾನೆ. ಕಳಿಸಿದ್ರಿ ತಾನೆ ಎಂದು ಅವರು ಮತ್ತೊಮ್ಮೆ ಕೇಳಿದರು, ನೀಲಿ ಬೆರಳುಗಳನ್ನು ದೂರ ಹಿಡಿದುಕೊಂಡು, ಅವಳ ಮುಖ ನೋಡುತ್ತ, ಆ ಮುಖದಲ್ಲಿ ಅವರಿಗೆ ಏನೋ ಕಂಡಿತು, ನಗು ನಿಂತಿತು, ಮೇಡಂ ಎಂದರು. ಎರಡು ನಿಮಿಷಕ್ಕೆ. ಒಬ್ಬರೂ ಬೇಡ ಅನ್ನಲಿಲ್ಲ. ಒಂದು ಗಂಟೆ ಹೊತ್ತು ಅವಳು ಬಾಗಿಲ ಹೊರಗೆ ನಿಂತು ಅವರನ್ನೆಲ್ಲ ಬೈದಳು, ಒಬ್ಬೊಬ್ಬರನ್ನಾಗಿ ಬೈದಳು, ಇನ್ನು ಬೈಯಬೇಕಾದವರು ಒಬ್ಬರೇ ಉಳಿದಿದ್ದಾರೆ, ಆದರೆ ಬೈಗುಳ ಬರುತ್ತಿಲ್ಲ, ಮೊಬೈಲು ಅಂಗೈಯಲ್ಲಿ ನಡುಗುತ್ತಿದೆ, ತಂಗಿಯ ಮಗಳ ಹೆಸರು ಬೆಳಗುತ್ತಿದೆ ಆರುತ್ತಿದೆ, ಎತ್ತಬೇಕು, ಎತ್ತಿ ಹೇಳಬೇಕು, ಏನೆಂದು, ಮರೆತೆ ಎನ್ನಲೂ ಆಗುವುದಿಲ್ಲ, ಮರೆಯಲಿಲ್ಲವಲ್ಲ, ದೋಣಿಕಟ್ಟೆಯಲ್ಲಿ ಒಂದು ದೋಣಿ, ಎರಡೇ ಸೀಟು, ಖಾಲಿ, ದೂರದಲ್ಲಿ ಏನೋ ಹಾದುಹೋಗುತ್ತದೆ, ಅಲೆ ಬರುತ್ತದೆ, ಎರಡೂ ಒಟ್ಟಿಗೆ ಮುಂದಕ್ಕೆ ಜಾರುತ್ತವೆ, ಎರಡೂ ಒಟ್ಟಿಗೆ ಹಿಂದಕ್ಕೆ, ಎರಡೂ ಒಟ್ಟಿಗೆ ಮುಂದಕ್ಕೆ