ಬಲಸುತ್ತಿನ ಮಣಿಗಳು

ಎರಡು ಜುಟ್ಟು ಒಂದುಗೂಡಿದರೂ ಎರಡು ಜಡೆ ಒಂದುಗೂಡುವುದಿಲ್ಲ ಎಂಬ ಗಾದೆ ಕಟ್ಟಿದವರು ಯಾರೋ, ಅವರು ಈ ಮನೆಯ ಹಿಂಬದಿಯ ಕೋಣೆಯನ್ನಂತೂ ನೋಡಿರಲಿಲ್ಲ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಎರಡು ಬರ್ನರ್, ಆಚೆಗೊಬ್ಬಳು ಈಚೆಗೊಬ್ಬಳು ವಾರಗಿತ್ತಿಯರು. ಜಗಳವೇ ಇರಲಿಲ್ಲ ಎಂದಲ್ಲ. ಕಿಟಕಿ ತೆರೆದದ್ದಕ್ಕೊಂದು ಮಾತು, ಮುಚ್ಚಿದ್ದಕ್ಕೊಂದು ಮಾತು ದಿನವೂ ಇದ್ದದ್ದೇ. ಆದರೆ ಗಾಜು ಕರಗತೊಡಗಿದ ಮೇಲೆ ಇಬ್ಬರ ಬಾಯಿಗೂ ಬೀಗ. ಕರಗಿದ ಗಾಜು ಯಾರ ಸಿಟ್ಟು ಇಳಿಯಲಿ ಎಂದೂ ಕಾಯುವುದಿಲ್ಲ.

ಹಿರಿಯವಳನ್ನು ಬೀದಿಯೆಲ್ಲ ಮಣಿಯಕ್ಕ ಎಂದು ಕರೆಯುತ್ತಿತ್ತು. ಕಿರಿಯವಳಿಗೆ ಎಡಗೈಯೇ ಮುಂದು, ಹಾಗಾಗಿ ಎಡಚಿ. ಆ ಹೆಸರನ್ನು ಇಟ್ಟವಳೂ ಮಣಿಯಕ್ಕನೇ, ಬೇರೆ ಯಾರಾದರೂ ಹಾಗೆ ಕರೆದರೆ ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಲ್ಲುವವಳೂ ಅವಳೇ. ಇಬ್ಬರ ಗಂಡಂದಿರೂ ಬಾಗಿಲು ಕಿಟಕಿ ಕೂರಿಸುವ ಕೆಲಸಕ್ಕೆ ಬೆಳಿಗ್ಗೆ ಹೊರಟರೆ ಸಂಜೆಗೇ ಮನೆ ಕಾಣುವವರು. ಈ ಕಥೆಯಲ್ಲಿ ಅವರಿಗೆ ಕೆಲಸವಿಲ್ಲ.

ಎಡಚಿ ಮದುವೆಯಾಗಿ ಬಂದಾಗ ಅತ್ತೆ ಇನ್ನೂ ಇದ್ದರು. ಮಣಿಯ ಕೆಲಸ ಅವರದೇ. "ಎಡಗೈಯವಳ ಕೈಗೆ ಬೆಂಕಿ ಕೊಟ್ಟರೆ ಮನೆ ಉಳಿಯುತ್ತಾ?" ಎಂದು ಕಿರಿಸೊಸೆಯನ್ನು ಆ ಕೋಣೆಯ ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ಒಂದು ದಿನ ಅತ್ತೆ ಮಲಗಿದ್ದಾಗ ಮಣಿಯಕ್ಕ ಅವಳನ್ನು ಕೈಹಿಡಿದು ಕರೆತಂದು ಮೇಜಿನ ಆಚೆ ಬದಿಗೆ ಕೂರಿಸಿದಳು. "ಪಕ್ಕದಲ್ಲಿ ಕೂತ್ರೆ ನಿನಗೆ ಎಲ್ಲ ತಿರುಗುಮುರುಗು ಆಗುತ್ತೆ. ಎದುರಿಗೆ ಕೂತ್ಕೊ. ಕನ್ನಡಿ ನೋಡ್ಕೊಂಡ ಹಾಗೆ ನನ್ನ ನೋಡ್ಕೊಂಡು ಮಾಡು." ಎಡಚಿ ಹಾಗೇ ನೋಡಿಕೊಂಡು ಮಾಡಿದಳು, ಹಾಗೇ ಕಲಿತಳು. ಅತ್ತೆ ಎದ್ದು ಬಂದು ನೋಡಿ ಗೊಣಗಿದರು, ಆಮೇಲೆ ಗೊಣಗುವುದನ್ನು ಬಿಟ್ಟರು.

ಕೆಲಸವೇನೋ ಹೇಳುವುದಕ್ಕೆ ಸುಲಭ. ಒಂದು ಕೈಯಲ್ಲಿ ಮಣ್ಣಿನ ಲೇಪ ಕೊಟ್ಟ ಉಕ್ಕಿನ ಕಂಬಿ, ಇನ್ನೊಂದರಲ್ಲಿ ಗಾಜಿನ ಕಡ್ಡಿ. ಕಡ್ಡಿಯ ತುದಿ ಬೆಂಕಿಯಲ್ಲಿ ಜೇನಿನಂತೆ ಇಳಿಯತೊಡಗಿದಾಗ ಅದನ್ನು ಕಂಬಿಗೆ ಸುತ್ತಿಕೊಳ್ಳಬೇಕು, ಗುಂಡಗಾಗುವವರೆಗೆ ಕಂಬಿಯನ್ನು ತಿರುಗಿಸುತ್ತಲೇ ಇರಬೇಕು. ಆಮೇಲೆ ಬೇರೆ ಬಣ್ಣದ ಗಾಜಿನ ಎಳೆ, ದಾರದಷ್ಟು ಸಣ್ಣದು. ಅದನ್ನು ಮಣಿಯ ಈ ತುದಿಯಿಂದ ಆ ತುದಿಗೆ ಸುತ್ತುತ್ತಾ ಒಯ್ಯುವುದರಲ್ಲಿ ಮಣಿಯಕ್ಕನನ್ನು ಮೀರಿಸಿದವರಿರಲಿಲ್ಲ. ಅವಳ ಸುತ್ತು ಬಲಕ್ಕೆ ಏರುತ್ತಿತ್ತು. ಎಡಚಿಯ ಕೈಯಲ್ಲಿ ಎಲ್ಲವೂ ಅದಲುಬದಲು, ಅವಳ ಸುತ್ತು ಎಡಕ್ಕೆ ಏರುತ್ತಿತ್ತು. ಮಣಿಯನ್ನು ತಲೆಕೆಳಗಾಗಿ ಹಿಡಿದರೂ ಅಷ್ಟೇ, ಬಲದ್ದು ಬಲ, ಎಡದ್ದು ಎಡ. ಒಂದೇ ಸರದಲ್ಲಿ ಎರಡನ್ನೂ ಪೋಣಿಸಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ ಕಾಣುತ್ತಿತ್ತು. ಅದಕ್ಕೇ ಎಡಚಿ ಚುಕ್ಕಿಯ ಮಣಿಗಳನ್ನು ಮಾಡುತ್ತಿದ್ದಳು, ಸುತ್ತಿನ ಮಣಿ ಮಣಿಯಕ್ಕನದೇ. ಸರದಂಗಡಿಯ ಕಟ್ಟೆಯ ಮೇಲೆ ಇಬ್ಬರಿಗೂ ಬೇರೆ ಬೇರೆ ತಟ್ಟೆ. ತನ್ನ ತಟ್ಟೆಯಲ್ಲಿ ಇನ್ನೊಬ್ಬರ ಮಣಿ ಒಂದೇ ಒಂದು ಇದ್ದರೂ ಮಣಿಯಕ್ಕನಿಗೆ ಆಗುತ್ತಿರಲಿಲ್ಲ.

ಇಂಥ ಮಣಿಯಕ್ಕನ ಬಲಗೈ ನಡುಗತೊಡಗಿತು.

ಮೊದಲು ಲೋಟ ಹಿಡಿದಾಗ, ಆಮೇಲೆ ಎಳೆ ಹಿಡಿದಾಗ. ಎಳೆ ಬೇಕಾದಲ್ಲಿ ಕೂರದೆ ಒಂದು ಕಡೆ ಗಂಟು, ಇನ್ನೊಂದು ಕಡೆ ಬೋಳು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ಜೀವಮಾನವಿಡೀ ಬೇರೆಯವರಿಗೆ ಹೇಳಿಕೊಂಡು ಬಂದವಳು ಈಗ ತಾನೇ ಗ್ಯಾಸನ್ನು ಬೈದಳು, ಕಡ್ಡಿ ಮಾರುವವನನ್ನು ಬೈದಳು, ಗಾಳಿಯನ್ನೂ ಬಿಡಲಿಲ್ಲ. ಕೈ ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಡಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು. ಬೆಂಕಿಯ ಮುಂದಿನ ಆ ಸ್ಟೂಲಿನಿಂದ ಎದ್ದರೆ ತಾನು ಯಾರು ಎಂಬುದಕ್ಕೆ ಅವಳ ಬಳಿ ಉತ್ತರವಿರಲಿಲ್ಲ.

ಸುಳ್ಳನ್ನು ಸಾಕುವುದಕ್ಕೆ ಈ ಕೆಲಸದಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಬೆಂಕಿಯಿಂದ ತೆಗೆದ ಮಣಿ ಯಾವ ಬಣ್ಣದ್ದಾದರೂ ಕೆಂಡದ ಬಣ್ಣಕ್ಕೇ ಇರುತ್ತದೆ, ಎಳೆ ಯಾವುದು ಮೈ ಯಾವುದು ತಿಳಿಯುವುದಿಲ್ಲ. ಅದನ್ನು ಹಾಗೇ ಬಿಸಿ ಬೂದಿಯ ಡಬ್ಬಿಯಲ್ಲಿ ಹೂತಿಡಬೇಕು, ಬೇಗ ಆರಿದರೆ ಬಿರುಕು. ಮಾಡಿದ್ದೇನು ಎಂದು ಕಾಣುವುದು ಮರುದಿನ ಬೆಳಿಗ್ಗೆಯೇ. ಆ ಬೆಳಗಿನ ಕೆಲಸವನ್ನು ಎಡಚಿ ಯಾವಾಗಲೋ ತನ್ನ ಕೈಗೆ ತೆಗೆದುಕೊಂಡಿದ್ದಳು. "ಬೂದಿ ನಿಮ್ಮ ಕೆಮ್ಮಿಗೆ ಆಗಲ್ಲ ಅಕ್ಕಾ, ನಾನು ತೆಗೀತೀನಿ." ಮಣಿಯಕ್ಕ ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಮಣಿಗಳು ಕಂಬಿಯಿಂದ ಬಿಡಿಸಿಕೊಂಡು, ತೊಳೆಸಿಕೊಂಡು, ದಾರಕ್ಕೆ ಬಿದ್ದಿರುತ್ತಿದ್ದವು. ಎಲ್ಲವೂ ಲಕ್ಷಣವಾಗಿರುತ್ತಿದ್ದವು. ಅಂಗಡಿಗೆ ಒಯ್ಯುವವಳೂ ಎಡಚಿಯೇ.

"ನೋಡಿದ್ಯಾ? ಮಾಡೋವಾಗ ಡೊಂಕು ಅನ್ನಿಸುತ್ತೆ, ಬೂದಿಯಿಂದ ಎದ್ದು ಬರೋವಾಗ ಸರಿಯಾಗಿರುತ್ತೆ," ಎನ್ನುತ್ತಿದ್ದಳು ಮಣಿಯಕ್ಕ.

"ಹೂಂ ಅಕ್ಕಾ," ಎನ್ನುತ್ತಿದ್ದಳು ಎಡಚಿ.

ಬೂದಿ ಗಾಜನ್ನು ತಿದ್ದುವುದಿಲ್ಲ ಎಂದು ಮಣಿಯಕ್ಕನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ ಗೊತ್ತಿತ್ತು.

ಹೀಗಿರುವಾಗ ಸರದಂಗಡಿಯಾಕೆ ಇಬ್ಬರನ್ನೂ ಬರಹೇಳಿದಳು. ನಾಟಕದ ತಂಡವೊಂದಕ್ಕೆ ಸರಗಳು ಬೇಕಾಗಿದ್ದವು, ತುಂಬಾ ಬೇಕಾಗಿದ್ದವು. ಅಂಗಡಿ ಕಿರಿದು, ಗೋಡೆ ತುಂಬ ಮೊಳೆ, ಮೊಳೆ ತುಂಬ ಸರ. ಅಂಗಡಿಯಾಕೆ ಕುರ್ಚಿ ಎಳೆದು ಮಣಿಯಕ್ಕನನ್ನು ಕೂರಿಸಿದಳು. ಎಡಚಿ ಬಾಗಿಲ ಬಳಿ ಚೀಲ ಹಿಡಿದು ನಿಂತಳು.

"ಮಣಿಯಕ್ಕಾ, ವಯಸ್ಸಾದ ಹಾಗೆ ನಿಮ್ಮ ಕೈ ಪಳಗ್ತಾನೇ ಇದೆ ನೋಡಿ. ಈ ಕೆಲಸ ನಿಮಗೇ. ಆದ್ರೆ ಒಂದು ಮಾತು, ತಪ್ಪು ತಿಳ್ಕೊಬೇಡಿ." ಅಂಗಡಿಯಾಕೆ ಪಕ್ಕದ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ನಿಮ್ಮ ವಾರಗಿತ್ತಿ ಚುಕ್ಕಿ ಬಿಟ್ಟು ನಿಮ್ಮ ಥರಾನೇ ಸುತ್ತಿನ ಮಣಿ ಮಾಡೋಕೆ ಹೊರಟಿದ್ದಾರೆ. ನೋಡಿ ಇವನ್ನ. ಯಾರು ತಗೋತಾರೆ? ಎರಡು ಸಲ ಹೇಳ್ದೆ, ಹೂಂ ಅಂತಾರೆ, ಮತ್ತೆ ಇಂಥವನ್ನೇ ತರ್ತಾರೆ. ಇನ್ಮೇಲೆ ಅವರ ತಟ್ಟೆ ಇಡೋಕಾಗಲ್ಲ."

ಎಡಚಿ ಚೀಲದ ಹಿಡಿಕೆಯನ್ನೇ ನೋಡುತ್ತಿದ್ದಳು. ಮಣಿಯಕ್ಕನಿಗೆ ನಗು ಬಂತು. ಹೊಗಳಿಕೆ ಹೊಟ್ಟೆಗೆ ಬಿದ್ದ ಹೊತ್ತಿನಲ್ಲಿ ಮನುಷ್ಯರ ನಾಲಿಗೆಗೆ ಎಲುಬಿರುವುದಿಲ್ಲ. "ಅಯ್ಯೋ ಬಿಡಿ, ಎಡಗೈ ಅಲ್ವಾ," ಎಂದಳು. "ನನ್ನ ನೋಡಿ ಕಲಿತ್ರೂ ನನ್ನ ಕೈ ಬರಬೇಕಲ್ಲ."

ಇನ್ನಷ್ಟು ತಮಾಷೆ ಮಾಡೋಣವೆಂದು ತಟ್ಟೆಯಿಂದ ಒಂದು ಡೊಂಕು ಮಣಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ನೀಲಿಯ ಮೇಲೆ ಬಿಳಿ ಎಳೆ, ನಡುವೆ ಒಂದು ಗಂಟು, ಗಂಟಿನಾಚೆ ಬೋಳು. ಎಳೆ ಬಲಕ್ಕೆ ಏರಿತ್ತು.

ಮಣಿಯನ್ನು ತಲೆಕೆಳಗು ಮಾಡಿದಳು. ಬಲಕ್ಕೇ. ಇನ್ನೊಂದನ್ನು ಎತ್ತಿದಳು, ಮತ್ತೊಂದನ್ನು ಎತ್ತಿದಳು. ಆ ತಟ್ಟೆಯಲ್ಲಿದ್ದ ಸುತ್ತುಗಳೆಲ್ಲ ಬಲಕ್ಕೇ ಏರಿದ್ದವು. ಎಡಚಿ ಎಷ್ಟೇ ಕೆಟ್ಟದಾಗಿ ಮಾಡಿದರೂ ಅವಳ ಸುತ್ತು ಎಡಕ್ಕೇ ಹೋಗಬೇಕಿತ್ತು. ಅವು ತನ್ನ ಮಣಿಗಳು. ಹಾಗಾದರೆ ತನ್ನ ತಟ್ಟೆಯಲ್ಲಿರುವ, ಹೊಗಳಿಸಿಕೊಂಡ ಆ ಮಣಿಗಳು ಯಾರವು? ಅವೂ ಬಲಕ್ಕೇ ಏರಿದ್ದವು. ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಚೀಲ ಹಿಡಿದ ಎಡಚಿಯ ಬಲಗೈ ಕಾಣುತ್ತಿತ್ತು. ಹೆಬ್ಬೆರಳು, ತೋರುಬೆರಳು, ಎರಡರ ಮೇಲೂ ಸುಟ್ಟ ಗುಳ್ಳೆಗಳು, ಹಳೆಯವು ಒಣಗಿ ಹೊಸವು ಎದ್ದಿದ್ದವು. ಎಳೆ ಹಿಡಿಯುವ ಕೈ ತಾನೇ ಸುಡುವುದು. ಎಡಚಿ ಎಳೆ ಹಿಡಿಯುವುದು ಎಡಗೈಯಲ್ಲಿ.

"ಏನಾಯ್ತು ಮಣಿಯಕ್ಕಾ?" ಎಂದಳು ಅಂಗಡಿಯಾಕೆ.

ಆಗಲೇ ಹೇಳಬಹುದಿತ್ತು. ಬಾಯಿಯವರೆಗೂ ಬಂದದ್ದನ್ನು ಮಣಿಯಕ್ಕ ನುಂಗಿಕೊಂಡಳು. "ಏನಿಲ್ಲ," ಎಂದು ಮಣಿಯನ್ನು ತಟ್ಟೆಗೆ ಹಾಕಿ ಎದ್ದಳು. ಅಂಗಡಿಯಾಕೆ ಡೊಂಕು ಮಣಿಗಳ ತಟ್ಟೆಯನ್ನು ಕಟ್ಟೆಯಿಂದ ಇಳಿಸಿ ಕೆಳಗಿಟ್ಟದ್ದನ್ನು ಇಬ್ಬರೂ ನೋಡಿದರು.

ಕೋಣೆಗೆ ಬಂದ ಮೇಲೆ ಮಣಿಯಕ್ಕ ತನ್ನ ಸ್ಟೂಲಿನಲ್ಲಿ ಕೂತಳು, ಬರ್ನರ್ ಹಚ್ಚಲಿಲ್ಲ.

"ಕೈ ತೋರಿಸು."

ಎಡಚಿ ಎಡಗೈ ಚಾಚಿದಳು.

"ಅದಲ್ಲ."

ಬಲಗೈ ನಿಧಾನವಾಗಿ ಬಂತು. ಮಣಿಯಕ್ಕ ಆ ಬೆರಳುಗಳನ್ನು ತನ್ನ ನಡುಗುವ ಕೈಯಲ್ಲಿ ಹಿಡಿದುಕೊಂಡಳು. "ಯಾವಾಗ ಮಾಡ್ತಿದ್ದೆ?"

"ಮಧ್ಯಾಹ್ನ. ನೀವು ಮಲಗಿದಾಗ." ಸಿಕ್ಕಿಬಿದ್ದ ಮೇಲೆ ಎಡಚಿಗೆ ಒಂದು ಥರ ಹಗುರವಾದಂತಿತ್ತು. "ಮೊದಲು ಕಂಬಿಯನ್ನ ಉಲ್ಟಾ ತಿರುಗಿಸಿ ನೋಡ್ದೆ. ಎಳೆ ಎದ್ದೆದ್ದು ನಿಲ್ತಿತ್ತು. ಕೈನೇ ಬದಲಾಯಿಸಿದ ಮೇಲೆ ಕೂತ್ಕೊಳ್ತು. ಶುರುವಿಗೆ ಬರೀ ಸುಟ್ಕೊಳ್ಳೋದೇ ಆಯ್ತು."

"ನನ್ನವನ್ನ ಕಸಕ್ಕೆ ಹಾಕೋದಲ್ವಾ? ನಿನ್ನ ತಟ್ಟೇಲಿ ಯಾಕೆ ಇಟ್ಟೆ? ಅವಳ ಹತ್ರ ಬೈಸ್ಕೊಳ್ಳೋಕಾ?"

"ನೀವು ಮಾಡಿದ್ದನ್ನ ಕಸಕ್ಕೆ ಹಾಕೋಕೆ ಮನಸ್ಸು ಬರಲಿಲ್ಲ. ಯಾರಾದ್ರೂ ತಗೊಂಡು ಹಾಕ್ಕೊಳ್ಳಲಿ ಅಂತ."

"ನಾನು ನಕ್ಕೆ," ಎಂದಳು ಮಣಿಯಕ್ಕ. "ಅವಳ ಮುಂದೆ ಕೂತ್ಕೊಂಡು ನಿನ್ನ ನೋಡಿ ನಕ್ಕೆ."

"ನೀವು ನಗೋದು ಹೊಸದಾ ಅಕ್ಕಾ?"

ಇದಕ್ಕೆ ಮಣಿಯಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಮುಂದಾಯಿತು. ಒಳಗಿನ ನಾಚಿಕೆಯೆಲ್ಲ ಸಿಟ್ಟಾಗಿ ಹೊರಬಿತ್ತು. "ನಿನಗೆ ತಲೆ ಕೆಟ್ಟಿದೆಯಾ? ಅಕ್ಕಾ, ನಿಮ್ಮ ಕೈ ಹೋಯ್ತು, ಎದ್ದೇಳಿ ಅಂತ ಒಂದು ಮಾತು ಅನ್ನೋಕಾಗಲಿಲ್ವಾ?"

"ಅಂದ್ರೆ ನೀವು ಎದ್ದು ಹೋಗ್ಬಿಡ್ತಿದ್ರಿ." ಎಡಚಿ ಕೈ ಬಿಡಿಸಿಕೊಂಡು ಕಂಬಿಗಳನ್ನು ಜೋಡಿಸತೊಡಗಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು. "ನಾನು ಎದುರಿಗೆ ಕೂತು ಕಲಿತವಳು. ಈಗಲೂ ಒಂದೊಂದು ಮಣಿಗೂ ಒಂದು ಸಲ ತಲೆಯೆತ್ತಿ ನಿಮ್ಮನ್ನ ನೋಡ್ತೀನಿ. ಆ ಸ್ಟೂಲು ಖಾಲಿಯಾದ್ರೆ ನಾನು ಯಾರನ್ನ ನೋಡ್ಕೊಂಡು ಮಾಡ್ಲಿ?"

ಮಣಿಯಕ್ಕನಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಎದುರುಬದುರು ಕೂತರೂ ಅವಳ ಕಣ್ಣು ತನ್ನ ಬೆಂಕಿಯ ಮೇಲೇ ಇತ್ತು. ಎದುರಿನವಳು ತಲೆಯೆತ್ತಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಕಿಟಕಿ ತೆರೆದೇ ಇತ್ತು, ಆ ದಿನ ಅದಕ್ಕೊಂದು ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ಎಡಚಿ ಏಳುವ ಮೊದಲೇ ಮಣಿಯಕ್ಕ ಬೂದಿಯ ಡಬ್ಬಿ ತೆರೆದು ತನ್ನ ಮಣಿಗಳನ್ನು ತಾನೇ ತೆಗೆದು ತೊಳೆದಳು. ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಕೆಟ್ಟದಾಗಿದ್ದವು. ನೋಡಿ ಮುಗಿಸಿದ ಮೇಲೆ ಅವಳಿಗೆ ಅಂದುಕೊಂಡಷ್ಟು ಹೆದರಿಕೆಯಾಗಲಿಲ್ಲ, ದುಃಖ ಮಾತ್ರ ಆಯಿತು. ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, "ನಡಿ, ಅಂಗಡಿಗೆ," ಎಂದಳು. ಎಡಚಿ ಬೇಡ ಎಂದಳು, ತಲೆನೋವು ಎಂದಳು, ಕೆಲಸವಿದೆ ಎಂದಳು. ಮಣಿಯಕ್ಕ ಹಿಂದೊಮ್ಮೆ ಅವಳನ್ನು ಕೋಣೆಯೊಳಗೆ ಕರೆತಂದ ಹಾಗೆಯೇ ಕೈಹಿಡಿದು ಹೊರಡಿಸಿದಳು.

ಅಂಗಡಿಯಾಕೆ ಆಗಷ್ಟೇ ಬಾಗಿಲು ತೆರೆದು ಕಸ ಗುಡಿಸುತ್ತಿದ್ದಳು. ಮಣಿಯಕ್ಕ ಕಟ್ಟೆಯ ಮೇಲೆ ಕರವಸ್ತ್ರ ಬಿಚ್ಚಿದಳು.

"ಇವು ನಾನು ನಿನ್ನೆ ಬೆಳಿಗ್ಗೆ ಮಾಡಿದ್ದು. ನೀವು ಕೆಳಗಿಟ್ರಲ್ಲ, ಆ ತಟ್ಟೇದೂ ನಂದೇ. ನನ್ನ ತಟ್ಟೇಲಿರೋದು ಇವಳದು."

ಅಂಗಡಿಯಾಕೆ ಪೊರಕೆ ಹಿಡಿದೇ ನಿಂತಳು. ಎಡಚಿಯನ್ನು ನೋಡಿದಳು, ಮಣಿಗಳನ್ನು ನೋಡಿದಳು. "ಮತ್ತೆ ನಾನು ಇವರನ್ನ ಅಷ್ಟು ಬೈದೆನಲ್ಲ. ನೀವು ಇಲ್ಲೇ ಕೂತಿದ್ರಿ."

"ಕೂತಿದ್ದೆ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ."

ಎಡಚಿ ಸುಟ್ಟ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಿದ್ದಳು.

"ನಾಟಕದವರ ಸರ ಇವಳಿಗೆ ಕೊಡಿ," ಎಂದಳು ಮಣಿಯಕ್ಕ. "ಒಂದೇ ಮಾತು, ಸುತ್ತು ಎಡಕ್ಕೆ ಇರುತ್ತೆ. ಇನ್ಮೇಲೆ ಅವಳು ಅವಳ ಕೈಲೇ ಮಾಡೋದು. ಅದು ಬೇಡ ಅಂದ್ರೆ ಬೇಡ."

ಅಂಗಡಿಯಾಕೆ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಸರ ಎಲ್ಲ ಒಂದೇ ಥರ ಇದ್ರೆ ಆಯ್ತು. ಎಡಕ್ಕೋ ಬಲಕ್ಕೋ, ಹಾಕ್ಕೊಳ್ಳೋರಿಗೆ ಏನು ಗೊತ್ತಾಗುತ್ತೆ?" ಆಮೇಲೆ ದನಿ ತಗ್ಗಿಸಿದಳು. "ಹಾಗಾದ್ರೆ ನೀವು, ಮಣಿಯಕ್ಕಾ? ಇನ್ನು ಬೆಂಕಿ ಮುಂದೆ ಕೂರಲ್ವಾ?"

ಎಡಚಿ ತಲೆಯೆತ್ತಿದಳು. ಈ ಸಲ ಮಣಿಯಕ್ಕ ಅದನ್ನು ಕಂಡಳು.

"ಬೆಂಕಿ ಹಚ್ಚಲ್ಲ," ಎಂದಳು. "ಆದ್ರೆ ದಿನಾ ಕೂರ್ತೀನಿ, ಅದೇ ಸ್ಟೂಲಲ್ಲಿ, ಇವಳ ಎದುರಿಗೆ. ಅವಳಿಗೆ ನಾನು ಬೇಕು."