ಜಂಬಕ್ಕನ ಟಗರು ದರೋಜಿಗೆ ಹೋಯಿತು

ಈ ಸಲವೂ ಜಂಬಕ್ಕನ ದೊಡ್ಡಿಯಲ್ಲಿ ಮರಿಗಳು ಉಳಿಯಲಿಲ್ಲ. ಒಂಬತ್ತು ಹುಟ್ಟಿದವು, ಹದಿನೈದು ದಿನದೊಳಗೆ ನಾಲ್ಕು ಹೋದವು. ಉಳಿದ ಐದರಲ್ಲಿ ಒಂದಕ್ಕೆ ಕೆಳದವಡೆ ಗಿಡ್ಡ. ಮೊಲೆ ಬಾಯಿಗೆ ಸಿಕ್ಕರೂ ಅದಕ್ಕೆ ಚೀಪಲು ಬರುತ್ತಿರಲಿಲ್ಲ. ಜಂಬಕ್ಕ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು.

ನಾನು ಅನ್ನಪೂರ್ಣ, ಮಲಪನಗುಡಿಯಲ್ಲಿ ಜಂಬಕ್ಕನ ಪಕ್ಕದ ಮನೆಯವಳು. ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. ಅವಳ ಮನೆಯಲ್ಲಿ ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು.

"ಯಾರದೋ ಕಣ್ಣು ಬಿದ್ದೈತಿ ಅನ್ನಪೂರ್ಣ," ಎಂದಳು ಜಂಬಕ್ಕ. "ಇಲ್ದಿದ್ರ ನಮ್ಮ ಧಣಿಯಂಥ ಟಗರಿಗೆ ಇಂಥ ಮರಿ ಹುಟ್ತಾವೇನು?"

ಧಣಿ ಅವಳ ಟಗರಿನ ಹೆಸರು. ಯಾರಿಗೂ ದಾರಿ ಬಿಡದೆ ಎಲ್ಲರ ಮುಂದೆ ನಡೆಯುತ್ತದೆಂದು ಅವಳ ಗಂಡ ಪಾಲಪ್ಪ ಇಟ್ಟ ಹೆಸರು. ಆರು ವರ್ಷದ ಹಿಂದೆ ಇದೇ ದೊಡ್ಡಿಯಲ್ಲಿ ಬಿಳಿಮೂತಿ ಎಂಬ ಕುರಿಗೆ ಹುಟ್ಟಿದ್ದು. ತಾಯಿಗೆ ಹಾಲು ಸಾಲದೆ ಜಂಬಕ್ಕನೇ ಬಾಟಲಿ ಹಾಲಿನಲ್ಲಿ ಸಾಕಿದಳು. ಈಗ ಅದರ ಕೊಂಬು ನೋಡಲು ಪಕ್ಕದ ಓಣಿಯವರೂ ಬರುತ್ತಾರೆ. ಬೆಳಗಿನ ಮೊದಲ ರೊಟ್ಟಿ ಧಣಿಗೆ, ಎರಡನೆಯದು ಪಾಲಪ್ಪನಿಗೆ. ಇದರ ಬಗ್ಗೆ ಪಾಲಪ್ಪ ದೂರು ಹೇಳುವುದನ್ನೂ ಬಿಟ್ಟಿದ್ದಾನೆ.

ಮರಿಗಳ ಸುದ್ದಿ ಕೇಳಿ ನಮ್ಮೂರ ಪಶುಸಖಿ ಚಂದ್ರಕಲಾ ಬಂದಳು. ಪಶು ಆಸ್ಪತ್ರೆಯವರಿಂದ ತರಬೇತಿ ಪಡೆದವಳು. ಔಷಧಿ ಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಾಳೆ. ಜಂತಿನ ಔಷಧಿ ಹಾಕಿದ್ದೀರಾ, ಲಸಿಕೆ ಆಗಿದೆಯಾ, ಗಬ್ಬದ ಕುರಿಗೆ ಕಾಳು ಕೊಟ್ಟಿದ್ದೀರಾ ಎಂದು ಒಂದೊಂದಾಗಿ ಕೇಳಿದಳು. ಎಲ್ಲವೂ ಆಗಿತ್ತು. ಆಮೇಲೆ ಅವಳು ಕಲ್ಲಿನ ಮೇಲೆ ಕುಳಿತು ಗಿಡ್ಡದವಡೆಯ ಮರಿಯನ್ನು ಎತ್ತಿಕೊಂಡಳು.

"ಇದರ ಅವ್ವ ಯಾರಕ್ಕ?"

"ಹಂಡಿ," ಎಂದಳು ಜಂಬಕ್ಕ ಪಟ್ಟನೆ. "ಹಂಡಿ ಅವ್ವ ಚುಕ್ಕಿ. ಚುಕ್ಕಿ ಅವ್ವ ಮೋಟುಕಿವಿ. ಅದನ್ನ ನನ್ನ ತವರಿನವರು ಕೊಟ್ಟಿದ್ದು."

ಇಪ್ಪತ್ತೆರಡು ಕುರಿಗಳ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರುಗಳು ಅವಳ ನಾಲಿಗೆ ತುದಿಯಲ್ಲಿದ್ದವು. ನಮ್ಮ ಓಣಿಯ ಹೆಂಗಸರೆಲ್ಲ ಹಾಗೆಯೇ, ಕುರಿಯ ತವರು ಮನೆ ಯಾರೂ ಮರೆಯುವುದಿಲ್ಲ.

"ಸರಿ. ಮರಿ ತಂದಿ ಯಾರು?"

"ಧಣಿ. ಮತ್ಯಾರು?"

"ಹಂಡಿ ತಂದಿ?"

"ಧಣಿ."

"ಚುಕ್ಕಿ ತಂದಿ?"

ಜಂಬಕ್ಕ ಪಕ್ಕದಲ್ಲಿ ನಿಂತಿದ್ದ ಪಾಲಪ್ಪನ ಮುಖ ನೋಡಿದಳು.

"ಅದಕ್ಕೂ ಧಣಿನೇ," ಎಂದ ಪಾಲಪ್ಪ ಮೆಲ್ಲಗೆ.

"ನೋಡಕ್ಕ," ಎಂದಳು ಚಂದ್ರಕಲಾ. "ಮಗಳಿಗೂ ಅದೇ ಟಗರು, ಮೊಮ್ಮಗಳಿಗೂ ಅದೇ ಟಗರು. ಯಾರ ಕಣ್ಣೂ ಬಿದ್ದಿಲ್ಲ. ನೀನು ಅವ್ವನ ಕಡಿ ಲೆಕ್ಕ ಇಟ್ಟಿ, ಅಪ್ಪನ ಕಡಿ ಬಿಟ್ಟಿ."

ಪಾಲಪ್ಪ ಸುಮ್ಮನಿರುವ ಗಿರಾಕಿಯಲ್ಲ. "ಒಂದೇ ರಕ್ತ ಆದ್ರ ಏನಾತು? ನಮ್ಮೊಳಗ ಸೋದರಮಾವಗ ಹೆಣ್ಣು ಕೊಡಂಗಿಲ್ಲೇನು?"

"ಮಾವ, ಅದನ್ನ ದವಾಖಾನಿ ಡಾಕ್ಟರ್‌ನ ಕೇಳ್ರಿ. ಅವರೂ ಹುಷಾರು ಅಂತಾರ. ಇಲ್ಲಿ ನಡದಿರೋದು ಅಪ್ಪ-ಮಗಳ ಮಾತು."

ಪಾಲಪ್ಪ ತಲೆಯ ಟವೆಲ್ ತೆಗೆದು ಮತ್ತೆ ಸುತ್ತಿಕೊಂಡ. ಚಂದ್ರಕಲಾ ಎದುರಿನ ಬಾಳೆತೋಟದ ಕಡೆ ಕೈ ತೋರಿಸಿದಳು.

"ನಿಮ್ಮ ತೋಟಕ್ಕ ಎರಡು ಪೈಪಿನಿಂದ ನೀರು ಬರ್ತೈತಿ ಅಂತ ತಿಳ್ಕೊಳ್ರಿ. ಒಂದು ಕಟ್ಟಿದ್ರೂ ಇನ್ನೊಂದು ಹರೀತೈತಿ, ಬಾಳಿ ಹಸರಿರ್ತೈತಿ. ಒಂದು ಕಟ್ಟೈತಿ ಅಂತ ನಿಮಗ ಗೊತ್ತೇ ಆಗಂಗಿಲ್ಲ. ಮರಿನೂ ಹಂಗೇ. ಪ್ರತಿಯೊಂದು ಗುಣಕ್ಕೂ ಅವ್ವನಿಂದ ಒಂದು ಪಾಲು, ಅಪ್ಪನಿಂದ ಒಂದು ಪಾಲು ಬರ್ತೈತಿ. ಎಂಥ ಚಲೋ ಟಗರಿನ್ಯಾಗೂ ಒಂದೆರಡು ಕೆಟ್ಟ ಪಾಲು ಅಡಗಿ ಕುಂತಿರ್ತಾವ. ಅದರ ಮಗಳಿಗೂ ಅದೇ ಕೆಟ್ಟ ಪಾಲು ಹೋಗಿರಬಹುದು. ಅಪ್ಪ-ಮಗಳು ಕೂಡಿದ್ರ ಮರಿಗೆ ಎರಡೂ ಕಡಿಯಿಂದ ಅದೇ ಬರೋ ಸಂಭವ ಹೆಚ್ಚು. ಆಗ ಎರಡೂ ಪೈಪು ಬಂದ್."

"ಮೊದಲನೇ ವರ್ಷ ಮರಿ ಚೊಲೋನೇ ಇದ್ದುವಲ್ಲ?" ಎಂದಳು ಜಂಬಕ್ಕ.

"ಇರ್ತಾವಕ್ಕ. ಮೊದಮೊದಲು ಏನೂ ಕಾಣಂಗಿಲ್ಲ. ತಲಿಮಾರು ಕಳದಂಗ ಮರಿ ತೂಕ ಇಳಿತೈತಿ, ರೋಗ ತಡಿಯಂಗಿಲ್ಲ, ಕುರಿ ಗಬ್ಬ ನಿಲ್ಲಂಗಿಲ್ಲ. ದವಡಿ ಗಿಡ್ಡ, ಕಾಲು ಸೊಟ್ಟ ಆಗೋದೂ ಐತಿ. ಟಗರು ಬದಲಿ ಮಾಡಬೇಕು."

ಆ ಮಾತಿಗೆ ಜಂಬಕ್ಕ ಎದ್ದು ನಿಂತಳು. "ಸಂತಿಗೆ ಹೊಡಿ ಅಂತೀಯೇನು? ಆರು ವರ್ಷದ ಟಗರನ್ನ ಸಾಕಾಕ ಯಾರು ಒಯ್ತಾರ? ಅವತ್ತೇ ಕಟುಕರ ಪಾಲು. ನನ್ನ ಕೈಯಾಗ ಹಾಲು ಕುಡದೈತಿ ಅದು. ನಡಿ, ನಿನ್ನ ಚೀಲ ತಗೊಂಡು ನಡಿ."

ಚಂದ್ರಕಲಾ ಬೇಸರ ಮಾಡಿಕೊಳ್ಳಲಿಲ್ಲ. ಚಹಾ ಮಾತ್ರ ನನ್ನ ಮನೆಯಲ್ಲಿ ಕುಡಿದು ಹೋದಳು.

ಮೂರನೇ ದಿನ ಬೆಳಿಗ್ಗೆ ಗಿಡ್ಡದವಡೆಯ ಮರಿ ಸತ್ತಿತು. ಜಂಬಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬೇವಿನ ಮರದ ಕೆಳಗೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಕಣ್ಣು ದೃಷ್ಟಿ ಏನೂ ಅಲ್ಲ ಅನ್ನಪೂರ್ಣ. ನನ್ನ ಪ್ರೀತಿನೇ ಇವುಕ ಮುಳುವಾತು," ಎಂದು ಅತ್ತಳು. ನನಗೂ ದುಃಖ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕಣ್ಣೊರೆಸಿಕೊಂಡು, "ಚಂದ್ರಕಲಾಗ ಫೋನ್ ಹಚ್ಚು," ಎಂದಳು.

ಚಂದ್ರಕಲಾ ಬಂದವಳೇ ಹೇಳಿದಳು: "ಮಾರು ಅಂತ ನಾನೆಲ್ಲಿ ಅಂದೆ ಅಕ್ಕ? ಬದಲಿ ಮಾಡು ಅಂದೆ. ದರೋಜಿಯಾಗ ಗಾದಿಲಿಂಗಣ್ಣ ಅಂತ ಅದಾನ. ಅವನ ಟಗರಿನ ಹೆಣ್ಣುಮರಿಗಳೂ ದೊಡ್ಡವಾಗ್ಯಾವ. ನಿನ್ನ ಟಗರು ಅಲ್ಲಿಗೆ, ಅವನದು ಇಲ್ಲಿಗೆ. ಧಣಿ ಕೆಟ್ಟದಲ್ಲ. ಅಲ್ಲಿ ಅದರದು ಹೊಸ ರಕ್ತ. ಅದರ ಕಟ್ಟಿದ ಪೈಪಿಗೆ ಅಲ್ಲಿನ ಕುರಿಗಳ ಹರಿಯೋ ಪೈಪು ಜೋಡಿ ಸಿಗ್ತೈತಿ."

"ಹೊರಗಿನ ಟಗರು ರೋಗ ತರ್ತೈತಿ," ಎಂದ ಪಾಲಪ್ಪ. ಒಂದು ತಪ್ಪನ್ನಾದರೂ ಹುಡುಕದೆ ಅವನಿಗೆ ಸಮಾಧಾನವಿಲ್ಲ.

"ಅದು ಖರೇ ಮಾತು ಮಾವ. ಅದಕ್ಕೇ ಮೂರು ವಾರ ಬ್ಯಾರೆ ಕಟ್ರಿ. ಲಸಿಕಿ, ಜಂತಿನ ಔಷಧಿ ನಾನು ನೋಡ್ಕೋತೀನಿ. ಆಮೇಲೆ ಹಿಂಡಿಗೆ ಬಿಡ್ರಿ."

ಗಾದಿಲಿಂಗ ಗೂಡ್ಸ್ ಆಟೋದಲ್ಲಿ ತನ್ನ ಟಗರು ತಂದ. ಧಣಿಯನ್ನು ಕಟುಕರಿಗೆ ಕೊಡುವುದಿಲ್ಲ, ಎರಡು ವರ್ಷದ ಮೇಲೆ ಬೇರೆ ಊರಿನ ಹಿಂಡಿಗೆ ಬದಲಿ ಕೊಡುತ್ತೇನೆ ಎಂದು ಎಲ್ಲರೆದುರು ಜಂಬಕ್ಕನಿಗೆ ಮಾತು ಕೊಟ್ಟ. ಅವಳು ಧಣಿಗೆ ನಾಲ್ಕು ರೊಟ್ಟಿ ತಿನ್ನಿಸಿ, ಇನ್ನಾರು ರೊಟ್ಟಿ ಬುತ್ತಿ ಕಟ್ಟಿಕೊಟ್ಟಳು. ಆಟೋ ಕಣ್ಮರೆಯಾಗುವವರೆಗೆ ರಸ್ತೆಯಲ್ಲೇ ನಿಂತಿದ್ದಳು.

ಹೊಸ ಟಗರಿಗೆ ಪಾಲಪ್ಪ ಅಳಿಯ ಎಂದು ಹೆಸರಿಟ್ಟ. ಜಂಬಕ್ಕ ವಾರಗಟ್ಟಲೆ ಅದನ್ನು ಮಾತಾಡಿಸಲಿಲ್ಲ. ಮುಂದಿನ ಸಲ ಹನ್ನೊಂದು ಮರಿ ಹುಟ್ಟಿದವು. ಒಂದನ್ನು ನಾಯಿ ಕಚ್ಚಿತು, ಉಳಿದ ಹತ್ತೂ ಬದುಕಿದವು. ಗೋಡೆಯಾಚೆಯಿಂದ ಅವುಗಳ ಕುಣಿತ ಕೇಳಿ ನನಗೂ ಹಿಗ್ಗು. ಆ ದಿನದಿಂದ ಮೊದಲ ರೊಟ್ಟಿ ಅಳಿಯನಿಗೆ. ಪಾಲಪ್ಪನಿಗೆ ಎರಡನೆಯದೇ ಗಟ್ಟಿಯಾಯಿತು.

ಒಂದು ದಿನ ಗಾದಿಲಿಂಗ ಮತ್ತೆ ಬಂದ. ಕಂಕುಳಲ್ಲಿ ಒಂದು ಗಂಡು ಮರಿ. ಅದೇ ಬಾಗಿದ ಮೂಗು, ಅದೇ ಹಣೆ, ಅದೇ ಗತ್ತು.

"ಧಣಿ ಮಗ ಅಕ್ಕಾರ. ನಿಮಗಂತ ತಂದೀನಿ. ಇಟ್ಕೊಳ್ರಿ," ಎಂದ.

ಜಂಬಕ್ಕ ಮರಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅದನ್ನು ಕೆಳಗೆ ಇಳಿಸುವುದಿಲ್ಲ ಎಂದೇ ನಾನು ಅಂದುಕೊಂಡೆ.

"ಇಟ್ಕೊಂಬಿಡು," ಎಂದ ಪಾಲಪ್ಪ. "ಅಳಿಯ ಹೋದ ಮ್ಯಾಲೆ ಇದೇ ನಮ್ಮ ಟಗರು."

ಜಂಬಕ್ಕ ದೊಡ್ಡಿಯ ಕಡೆ ನೋಡಿದಳು. ಹಂಡಿ ಮೆಲುಕು ಹಾಕುತ್ತಿತ್ತು, ಪಕ್ಕದಲ್ಲಿ ಚುಕ್ಕಿ.

"ಇದರ ತಂದಿ ಧಣಿ," ಎಂದಳು. "ಹಂಡಿ ತಂದಿ ಧಣಿ. ಚುಕ್ಕಿ ತಂದಿನೂ ಧಣಿ. ಇವೆಲ್ಲ ಇದಕ ಅಕ್ಕ-ತಂಗ್ಯಾರಾಗ್ತಾವ. ಬ್ಯಾಡ ತಮ್ಮ. ಇದು ಈ ಮನಿಗೆ ಬ್ಯಾಡ."

ಆಮೇಲೆ ಮರಿಯ ತಲೆ ಸವರಿದಳು. "ಕಂಪ್ಲಿಯಾಗ ನನ್ನ ತಂಗಿ ಎರ್ರಮ್ಮನ ಕುರಿ ಅದಾವ. ಅವುಕ ಧಣಿ ಸಂಬಂಧ ಇಲ್ಲ, ನಾನೇ ಕೇಳೀನಿ. ಅಲ್ಲಿಗೆ ಕೊಡು. ಹೋದಾಗೆಲ್ಲ ನೋಡ್ಕೊಂಡು ಬರ್ತೀನಿ."

ಮರಿಗಳಿಗೆ ಔಷಧಿ ಹಾಕಲು ಬಂದಿದ್ದ ಚಂದ್ರಕಲಾ ಪಕ್ಕದಲ್ಲೇ ನಿಂತಿದ್ದಳು. ಅವಳು ನಗುತ್ತ ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ನಡೆದಳು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಟಗರಾಗಲಿ, ಹೋತವಾಗಲಿ, ಹುಂಜವಾಗಲಿ, ಅದರ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಸಂಬಂಧವಿಲ್ಲದ ಬೇರೆ ಊರಿನ ಹಿಂಡಿನೊಂದಿಗೆ ಬದಲಿ ಮಾಡಿಕೊಳ್ಳಿ. ಕುರಿ-ಮೇಕೆಯ ಗಂಡು ಮರಿಗಳನ್ನು ನಾಲ್ಕು ತಿಂಗಳಿಗೇ ಬೇರೆ ಕಟ್ಟಿ, ಇಲ್ಲವಾದರೆ ತಾಯಿ-ತಂಗಿಯರ ಜೊತೆಗೇ ಕೂಡುತ್ತವೆ. ಮನೆಯ ಹಳೆಯ ನೋಟ್‌ಬುಕ್ಕಿನಲ್ಲಿ ಮರಿಯ ತಾಯಿಯ ಹೆಸರಿನ ಪಕ್ಕ ತಂದೆಯ ಹೆಸರನ್ನೂ ಬರೆಯಿರಿ. ಅನುಮಾನ ಬಂದರೆ ನಿಮ್ಮೂರ ಪಶುಸಖಿಯನ್ನೋ ಪಶು ಆಸ್ಪತ್ರೆಯವರನ್ನೋ ಕೇಳಿ.

ಇವತ್ತೇ ನಿಮ್ಮ ದೊಡ್ಡಿಗೆ ಹೋಗಿ ಒಂದು ಮರಿಯನ್ನು ಎತ್ತಿಕೊಳ್ಳಿ. ಇದರ ತಂದೆ ಯಾರು, ಇದರ ತಾಯಿಯ ತಂದೆ ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎರಡಕ್ಕೂ ಒಂದೇ ಹೆಸರು ಬಾಯಿಗೆ ಬಂದರೆ, ಆ ಟಗರಿಗೆ ಹೊಟ್ಟೆ ತುಂಬ ರೊಟ್ಟಿ ತಿನ್ನಿಸಿ, ಬುತ್ತಿ ಕಟ್ಟಿ, ಬೇರೆ ಊರಿಗೆ ಕಳಿಸಿಕೊಡಿ.